ಸಣ್ಣ ಗಾಯಕ್ಕೆ ಯಾವ ಮುಲಾಮು? ಕರಾವಳಿ ಮತ್ತು ಘಟ್ಟದ ಮನೆಗಳಿಗೊಂದು ಹೋಲಿಕೆ

ಔಷಧ ಅಂಗಡಿಗೆ ಹೋಗಿ "ಗಾಯಕ್ಕೆ ಹಚ್ಚೋ ಟ್ಯೂಬ್ ಕೊಡಿ" ಎಂದರೆ ಕೈಗೆ ಬರುವುದು ಆರೇಳು ಬಗೆಯ ಔಷಧಗಳಲ್ಲಿ ಯಾವುದೋ ಒಂದು. ಸೋಫ್ರಾಮೈಸಿನ್ ಬರಬಹುದು, ನಿಯೋಸ್ಪೊರಿನ್ ಬರಬಹುದು, ಬೆಟಾಡಿನ್ ಬರಬಹುದು. ಟ್ಯೂಬಿನ ಗಾತ್ರ ಹೆಚ್ಚುಕಡಿಮೆ ಒಂದೇ. ಮನೆಯ ಕಪಾಟು ಸೇರಿದ ಮೇಲೆ ಎಲ್ಲದಕ್ಕೂ ಒಂದೇ ಹೆಸರು, ಗಾಯದ ಔಷಧ. ಆದರೆ ಒಂದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಇನ್ನೊಂದು ಗಾಯ ಒಣಗದಂತೆ ಕಾಯುತ್ತದೆ ಅಷ್ಟೆ, ಮತ್ತೊಂದು ಗಾಯ ಮಾಯುವುದನ್ನೇ ನಿಧಾನಿಸುತ್ತದೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆ, ತೋಟ, ದೋಣಿಯಲ್ಲಿ ಆಗುವ ಹೆಚ್ಚಿನ ಸಣ್ಣ ಗಾಯಗಳಿಗೆ ಆ್ಯಂಟಿಬಯೋಟಿಕ್ ಮುಲಾಮು ಬೇಕಾಗುವುದೇ ಇಲ್ಲ. ಚೆನ್ನಾಗಿ ತೊಳೆದು, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಮುಚ್ಚಿಟ್ಟರೆ ಸಾಕು. ಕೆಲವು ಗಾಯಗಳಿಗೆ ಆ್ಯಂಟಿಬಯೋಟಿಕ್ ಮುಲಾಮು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಇನ್ನು ಕೆಲವಕ್ಕೆ ಯಾವ ಟ್ಯೂಬೂ ಸಾಲದು, ಆಸ್ಪತ್ರೆಯೇ ಆಗಬೇಕು. ಮೀನು, ಚಿಪ್ಪು, ಅಳಿವೆಯ ನೀರು, ಕೊಟ್ಟಿಗೆಯ ಗೊಬ್ಬರ ಎಲ್ಲವೂ ಇರುವ ಉತ್ತರ ಕನ್ನಡದಲ್ಲಿ ಈ ಮೂರನೆಯ ಗುಂಪನ್ನು ಗುರುತಿಸುವುದು ಕಲಿತಿರಲೇಬೇಕು.

ಟ್ಯೂಬ್ ತೆರೆಯುವ ಮೊದಲು

ಸೋಂಕು ತಡೆಯುವುದರಲ್ಲಿ ಮುಕ್ಕಾಲು ಕೆಲಸ ನೀರಿನದು. ಗಾಯದೊಳಗೆ ಮಣ್ಣು, ಮೀನಿನ ಹುರುಪೆ, ಅಡಿಕೆ ಸಿಪ್ಪೆಯ ನಾರು ಉಳಿದಿದ್ದರೆ ಮೇಲೆ ಎಂಥ ಮುಲಾಮು ಬಳಿದರೂ ಅದು ಕೊಳೆಯ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ.

ಮೊದಲು ಕೈ ತೊಳೆದುಕೊಳ್ಳಿ. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಎರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುವುದೇ ರಕ್ತ ನಿಲ್ಲದಿರಲು ದೊಡ್ಡ ಕಾರಣ. ಪ್ರತಿ ಸಲ ಎತ್ತಿದಾಗಲೂ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ರಕ್ತ ನಿಂತ ಮೇಲೆ ಐದರಿಂದ ಹತ್ತು ನಿಮಿಷ ಹರಿಯುವ ನೀರಿನಡಿ ಗಾಯವನ್ನು ಹಿಡಿಯಿರಿ. ಕುಡಿಯಲು ಯೋಗ್ಯವಾದ ನೀರು ಗಾಯ ತೊಳೆಯಲೂ ಯೋಗ್ಯ, ಸಲೈನ್ ಬಾಟಲಿಯೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಬಾವಿಯ ನೀರು ಕದಡಿ ಕೆಂಪಾಗಿದ್ದರೆ ಮಾತ್ರ ಕುದಿಸಿ ಆರಿಸಿದ ನೀರನ್ನು ಚೊಂಬಿನಿಂದ ಧಾರೆಯಾಗಿ ಸುರಿಯಿರಿ. ಸಾಬೂನು ಗಾಯದ ಸುತ್ತಲ ಚರ್ಮಕ್ಕೆ ಇರಲಿ. ಒಳಗೆ ಸ್ವಲ್ಪ ಹೋದರೆ ಉರಿಯುತ್ತದೆ, ಕೆಡುಕೇನಿಲ್ಲ. ಕಾಣುವ ಕಸ, ಮುಳ್ಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಚಿಮುಟದಿಂದ ಎತ್ತಿ.

ನೀರು ಸೇರಿಸದ ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಇವು ಬ್ಯಾಕ್ಟೀರಿಯಾದ ಜೊತೆಗೆ ಹೊಸ ಚರ್ಮ ಕಟ್ಟಲು ಬಂದ ಜೀವಕೋಶಗಳನ್ನೂ ಸುಡುತ್ತವೆ. ನೊರೆ ಬಂತು, ಉರಿಯಿತು, ಆದ್ದರಿಂದ ಔಷಧ ಹಿಡಿಯಿತು ಎಂಬ ಲೆಕ್ಕ ಸರಿಯಲ್ಲ. ಸುಣ್ಣ, ಕಾಫಿಪುಡಿ, ಹೊಗೆಸೊಪ್ಪು, ಟೂತ್‌ಪೇಸ್ಟ್ ಇವೂ ಬೇಡ. ಅರಿಸಿನದಲ್ಲಿ ಔಷಧಗುಣ ಇರುವುದು ನಿಜ, ಆದರೆ ಅಡುಗೆಮನೆಯ ಡಬ್ಬಿಯ ಪುಡಿ ಸೋಂಕುರಹಿತವಲ್ಲ. ಗಾಯಕ್ಕೆ ಮೆತ್ತಿದ ಪುಡಿಯ ಕೆಳಗೆ ಕೆಂಪೇರುತ್ತಿದೆಯೇ ಎಂದು ಮರುದಿನ ನೋಡಲೂ ಆಗುವುದಿಲ್ಲ.

ಪೆಟ್ರೋಲಿಯಂ ಜೆಲ್ಲಿಯೋ, ಆ್ಯಂಟಿಬಯೋಟಿಕ್ಕೋ

"ಗಾಯಕ್ಕೆ ಗಾಳಿ ಆಡಲಿ, ಒಣಗಲಿ" ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಪ್ರಯೋಗದಲ್ಲಿ, ಪಸೆ ಆರದಂತೆ ಮುಚ್ಚಿಟ್ಟ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹಬ್ಬುವುದನ್ನು ತೋರಿಸಿದ್ದರು. ಕಾರಣ ಸರಳ. ಗಾಯ ಒಣಗಿ ಗಟ್ಟಿ ಹಕ್ಕಳೆ ಕಟ್ಟಿದರೆ ಅಂಚಿನಿಂದ ಹೊರಟ ಹೊಸ ಜೀವಕೋಶಗಳು ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು. ಪಸೆಯಿದ್ದರೆ ನೇರವಾಗಿ ಹಬ್ಬುತ್ತವೆ.

ಮುಲಾಮು ಹಚ್ಚಿದಾಗ ಗಾಯ ಬೇಗ ಮಾಯುವಂತೆ ಕಾಣುವುದರ ಗುಟ್ಟು ಬಹುಪಾಲು ಇಷ್ಟೇ. ಅದರಲ್ಲಿನ ಆ್ಯಂಟಿಬಯೋಟಿಕ್‌ಗಿಂತ ಅದನ್ನು ಹಿಡಿದಿಟ್ಟ ಜಿಡ್ಡು ಹೆಚ್ಚು ಕೆಲಸ ಮಾಡುತ್ತಿರುತ್ತದೆ. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನ ಬಂತು. ಚರ್ಮದ ಸಣ್ಣ ಶಸ್ತ್ರಕ್ರಿಯೆ ಆದ 922 ಜನರಲ್ಲಿ ಕೆಲವರಿಗೆ ಬಿಳಿ ಪೆಟ್ರೋಲಿಯಂ ಜೆಲ್ಲಿ, ಉಳಿದವರಿಗೆ ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯೋಟಿಕ್ ಮುಲಾಮು. ಜೆಲ್ಲಿ ಹಚ್ಚಿದವರಲ್ಲಿ ಶೇ. 2.0, ಬ್ಯಾಸಿಟ್ರಾಸಿನ್ ಹಚ್ಚಿದವರಲ್ಲಿ ಶೇ. 0.9 ಜನರಿಗೆ ಸೋಂಕಾಯಿತು. ಈ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಅತ್ತ ಬ್ಯಾಸಿಟ್ರಾಸಿನ್ ಗುಂಪಿನಲ್ಲಿ ನಾಲ್ವರಿಗೆ ಅಲರ್ಜಿಯಾಯಿತು, ಜೆಲ್ಲಿಯ ಗುಂಪಿನಲ್ಲಿ ಒಬ್ಬರಿಗೂ ಆಗಲಿಲ್ಲ.

ಇದನ್ನು ಎಲ್ಲ ಗಾಯಕ್ಕೂ ಎಳೆದು ಅನ್ವಯಿಸುವುದು ಸರಿಯಲ್ಲ. ಅವು ವೈದ್ಯರ ಕೈಯಲ್ಲಿ ಸ್ವಚ್ಛವಾಗಿ ಆದ ಗಾಯಗಳು. ಗೊಬ್ಬರಗುಂಡಿಯ ಪಕ್ಕ ಕತ್ತಿ ತಾಗಿದ ಗಾಯವನ್ನು ಅವುಗಳ ಸಾಲಿಗೆ ಸೇರಿಸಲಾಗದು. ಹಾಗಾಗಿ ನಾವು ಹೇಳುವುದು ಹೀಗೆ: ತರಕಾರಿ ಹೆಚ್ಚುವಾಗ ಕೊಯ್ದದ್ದು, ಕಾಗದ ಕೊಯ್ದದ್ದು, ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿದ್ದು, ಹೀಗೆ ಬೇಗ ತೊಳೆದ, ತೆಳುವಾದ ಗಾಯಕ್ಕೆ ಸಾದಾ ಪೆಟ್ರೋಲಿಯಂ ಜೆಲ್ಲಿ. ಎಷ್ಟು ತೊಳೆದರೂ ಕೊಳೆ ಪೂರ್ತಿ ಹೋಯಿತೆಂಬ ಧೈರ್ಯವಿಲ್ಲದ ತರಚುಗಾಯಕ್ಕೆ ಮೊದಲ ಎರಡು ಮೂರು ದಿನ ಆ್ಯಂಟಿಬಯೋಟಿಕ್ ಅಥವಾ ಪೊವಿಡೋನ್ ಅಯೋಡಿನ್ (ಬೆಟಾಡಿನ್), ಆಮೇಲೆ ಜೆಲ್ಲಿ. ಜೆಲ್ಲಿ ಕೊಳ್ಳುವಾಗ ಪರಿಮಳ, ಬಣ್ಣ ಸೇರಿಸದ್ದನ್ನು, ಡಬ್ಬಿಗಿಂತ ಟ್ಯೂಬಿನಲ್ಲಿರುವುದನ್ನು ಆರಿಸಿ. ಮನೆಮಂದಿಯೆಲ್ಲ ತುಟಿಗೂ ಹಿಮ್ಮಡಿಗೂ ಬೆರಳು ಅದ್ದಿದ ಡಬ್ಬಿ ಗಾಯಕ್ಕೆ ಬೇಡ.

ಟ್ಯೂಬುಗಳನ್ನು ಎದುರುಬದುರು ಇಟ್ಟರೆ

ಸೋಫ್ರಾಮೈಸಿನ್, ನಿಯೋಸ್ಪೊರಿನ್ ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯೇ ಹೆಚ್ಚು ಕೇಳಿಬರುತ್ತದೆ. ಸೋಫ್ರಾಮೈಸಿನ್‌ನಲ್ಲಿರುವುದು ಶೇ. 1ರ ಫ್ರಾಮೈಸೆಟಿನ್ ಎಂಬ ಒಂದೇ ಔಷಧ. ನಿಯೋಸ್ಪೊರಿನ್‌ನಲ್ಲಿ ಮೂರು: ನಿಯೋಮೈಸಿನ್, ಪಾಲಿಮಿಕ್ಸಿನ್ ಬಿ, ಬ್ಯಾಸಿಟ್ರಾಸಿನ್. ಈ ಮೂರು ಸೇರಿದರೆ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಿಗೆ ತಾಗುತ್ತದೆ. ನಿಯೋಸ್ಪೊರಿನ್ ಮುಲಾಮಿನ ಆಧಾರ ಜಿಡ್ಡಿನದು, ಒಣ ತರಚುಗಾಯಕ್ಕೆ ಹೊಂದುತ್ತದೆ. ಸೋಫ್ರಾಮೈಸಿನ್ ಕ್ರೀಮ್, ಸ್ವಲ್ಪ ನೀರೊಸರುವ ಜಾಗಕ್ಕೂ ಹಿಡಿಸುತ್ತದೆ. ಸಣ್ಣ ಗಾಯದಲ್ಲಿ ಇವೆರಡರ ಫಲಿತಾಂಶದಲ್ಲಿ ಕಣ್ಣಿಗೆ ಬೀಳುವ ವ್ಯತ್ಯಾಸ ಇರುವುದಿಲ್ಲ.

ಬಹಳ ಮನೆಗಳಲ್ಲಿ ತಪ್ಪುವುದು ಬೇರೆ ಕಡೆ. ಫ್ರಾಮೈಸೆಟಿನ್ ಎಂದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ನಿಯೋಮೈಸಿನ್ ಬಿ, ಅದೇ ಕುಟುಂಬದ್ದು. ಒಂದರ ಅಲರ್ಜಿ ಇದ್ದವರಿಗೆ ಇನ್ನೊಂದೂ ಆಗಿಬರುವುದಿಲ್ಲ. ಸೋಫ್ರಾಮೈಸಿನ್ ಹಚ್ಚಿ ತುರಿಕೆ ಬಂತೆಂದು ನಿಯೋಸ್ಪೊರಿನ್‌ಗೆ ಬದಲಿಸುವುದು ಆ ಮನೆಯಿಂದ ಹೊರಟು ಹಿತ್ತಲ ಬಾಗಿಲಿನಿಂದ ಮತ್ತೆ ಅದೇ ಮನೆಗೆ ಹೊಕ್ಕಂತೆ. ನಿಯೋಮೈಸಿನ್ ಪುಡಿಯ ರೂಪದಲ್ಲೂ ಸಿಗುತ್ತದೆ, ಆದ್ದರಿಂದ ಪುಡಿಯ ಡಬ್ಬಿಯ ಮೇಲೂ ಹೆಸರು ಓದಿ. ಅಲ್ಲದೆ ಪುಡಿ ಗಾಯದ ನೀರಿನೊಂದಿಗೆ ಕಲೆತು ಹೆಂಟೆಯಾಗುತ್ತದೆ, ಮರುದಿನ ಅದನ್ನು ತೊಳೆದು ತೆಗೆಯುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ಮುಲಾಮು ಇರುವಾಗ ಪುಡಿ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ.

ಪೊವಿಡೋನ್ ಅಯೋಡಿನ್, ಅಂದರೆ ಬೆಟಾಡಿನ್ ಬಗೆಯದು, ಆ್ಯಂಟಿಬಯೋಟಿಕ್ ಅಲ್ಲ, ಆ್ಯಂಟಿಸೆಪ್ಟಿಕ್. ಬ್ಯಾಕ್ಟೀರಿಯಾ, ಶಿಲೀಂಧ್ರ, ಹಲವು ವೈರಸ್‌ಗಳು ಎಲ್ಲಕ್ಕೂ ತಾಗುತ್ತದೆ, ಅದಕ್ಕೆ ಪ್ರತಿರೋಧ ಬೆಳೆಯುವುದೂ ಅಪರೂಪ. ಮಣ್ಣು, ಗೊಬ್ಬರ ತಾಗಿದ ಗಾಯಕ್ಕೆ ಮೊದಲ ಒಂದೆರಡು ದಿನ ನಮ್ಮ ಮೊದಲ ಆಯ್ಕೆ ಇದೇ. ಆದರೆ ಗಾಯ ಸ್ವಚ್ಛವಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೂ ದಿನವೂ ಹಚ್ಚುತ್ತ ಹೋದರೆ ಮಾಯುವುದು ತಡವಾಗುತ್ತದೆ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು ವೈದ್ಯರನ್ನು ಕೇಳದೆ ದೊಡ್ಡ ಜಾಗಕ್ಕೆ, ಹೆಚ್ಚು ದಿನ ಹಚ್ಚಬಾರದು; ನವಜಾತ ಶಿಶುವಿಗಂತೂ ಮನೆಮಟ್ಟದಲ್ಲಿ ಬೇಡವೇ ಬೇಡ. ಚರ್ಮದ ಮೂಲಕ ಒಳಸೇರುವ ಅಯೋಡಿನ್ ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ.

ಮುಪಿರೋಸಿನ್ ಶೇ. 2 (ಟಿ-ಬ್ಯಾಕ್ಟ್) ಮತ್ತು ಫ್ಯುಸಿಡಿಕ್ ಆಸಿಡ್ ಶೇ. 2 ಬೇರೆಯೇ ದರ್ಜೆಯವು. ಇವು ಗಾಯಕ್ಕೆ ಮುನ್ನೆಚ್ಚರಿಕೆಯಾಗಿ ಹಚ್ಚಲು ಇರುವವಲ್ಲ, ಆದ ಸೋಂಕನ್ನು ಗುಣಪಡಿಸಲು ಇರುವವು. ಮಕ್ಕಳ ಮೂಗು, ಬಾಯಿಯ ಸುತ್ತ ಜೇನುಬಣ್ಣದ ಹಕ್ಕಳೆ ಕಟ್ಟಿ ಹರಡುವ ಹುಣ್ಣಿಗೆ ವೈದ್ಯರು ಮುಪಿರೋಸಿನ್ ಬರೆಯುತ್ತಾರೆ. ಮೂಗಿನಲ್ಲಿ ನೆಲೆನಿಂತ, ಸುಲಭಕ್ಕೆ ಬಗ್ಗದ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ತೆಗೆಯಲು ಆಸ್ಪತ್ರೆಗಳು ನೆಚ್ಚಿರುವುದೂ ಇದನ್ನೇ. ಸೊಳ್ಳೆ ಕಚ್ಚಿದ್ದಕ್ಕೂ ಮೊಡವೆಗೂ ಇದನ್ನು ಸವರಿದರೆ ಬೇಕಾದ ದಿನ ಅದು ಕೆಲಸ ಮಾಡದು. ಫ್ಯುಸಿಡಿಕ್ ಆಸಿಡ್‌ಗೆ ಬ್ಯಾಕ್ಟೀರಿಯಾ ಇನ್ನೂ ಬೇಗ ಒಗ್ಗಿಕೊಳ್ಳುತ್ತದೆ. ಮುಪಿರೋಸಿನ್ ಮುಲಾಮಿನ ಆಧಾರ ಪಾಲಿಇಥಿಲೀನ್ ಗ್ಲೈಕಾಲ್. ತೆರೆದ ದೊಡ್ಡ ಗಾಯದಿಂದ ಅದು ರಕ್ತ ಸೇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ.

ಕಪಾಟಿನಿಂದ ತೆಗೆದು ಹೊರಗಿಡಬೇಕಾದ ಟ್ಯೂಬೂ ಒಂದಿದೆ. ಹಿಂದೆಂದೋ ತುರಿಕಜ್ಜಿಗೆ ತಂದ, ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರೂ ಕಲಸಿದ ಕ್ರೀಮು. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಈ ಮೂರರಲ್ಲಿ ಯಾವ ಹೆಸರು ಕಂಡರೂ ಅದು ಗಾಯಕ್ಕಲ್ಲ. ಸ್ಟೀರಾಯ್ಡ್ ಕೆಂಪನ್ನೂ ಊತವನ್ನೂ ಕೂಡಲೇ ಇಳಿಸುತ್ತದೆ. ನೋಡುವವರಿಗೆ ಗಾಯ ಗುಣವಾಯಿತೆನಿಸುತ್ತದೆ, ಒಳಗೆ ಸೋಂಕು ಸದ್ದಿಲ್ಲದೆ ಬೆಳೆಯುತ್ತದೆ, ಚರ್ಮವೂ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಅದಕ್ಕೂ ಹಿಂದಿನ ಅಭ್ಯಾಸ ಮಾತ್ರ ಮನೆಗಳಲ್ಲಿ ಇನ್ನೂ ಹೋಗಿಲ್ಲ.

ಎಷ್ಟು, ಎಷ್ಟು ದಿನ

ವಯಸ್ಕರ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಎಂದರೆ ಎರಡು ಸೆಂಟಿಮೀಟರ್ ಉದ್ದದ ಕೊಯ್ದ ಗಾಯಕ್ಕೆ ಒಂದು ಅಕ್ಕಿಕಾಳಿನಷ್ಟು ಮುಲಾಮು ಧಾರಾಳವಾಯಿತು. ಗಾಯದ ಮೇಲೆ ಹೊಳಪು ಕಾಣಬೇಕು, ಬಿಳಿಯ ಪದರ ಕಾಣಬಾರದು. ದಪ್ಪ ಪದರದಡಿ ಚರ್ಮ ನೆನೆದು ಬೆಳ್ಳಗಾಗಿ ಸುಕ್ಕುಗಟ್ಟುತ್ತದೆ; ಗಾಳಿಯಲ್ಲೇ ನೀರು ತುಂಬಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ಇದು ಇನ್ನೂ ಬೇಗ.

ನಿಯೋಸ್ಪೊರಿನ್, ಸೋಫ್ರಾಮೈಸಿನ್ ದಿನಕ್ಕೆ ಒಂದರಿಂದ ಮೂರು ಸಲ, ಒಂದು ವಾರ ಮೀರಬಾರದು. ಮುಪಿರೋಸಿನ್ ವೈದ್ಯರು ಹೇಳಿದಂತೆ, ಸಾಮಾನ್ಯವಾಗಿ ದಿನಕ್ಕೆ ಮೂರು ಸಲ. ಮೂರರಿಂದ ಐದು ದಿನದಲ್ಲಿ ಇಳಿಯದಿದ್ದರೆ ಮತ್ತೆ ತೋರಿಸಬೇಕು. ಟ್ಯೂಬಿನ ಮೂತಿ ಗಾಯಕ್ಕೆ ತಾಗಬಾರದು. ಸ್ವಚ್ಛ ಹತ್ತಿಕಡ್ಡಿಗೆ ಹಿಂಡಿಕೊಂಡು ಸವರಿ. ಪ್ರತಿ ಸಲ ಹಳೆಯ ಮುಲಾಮನ್ನು ತೊಳೆದ ಮೇಲೇ ಹೊಸದು. ಮೇಲೆ ಅಂಟದ ಪ್ಯಾಡ್ ಇರುವ ಪಟ್ಟಿ, ಅಗಲ ತರಚುಗಾಯಕ್ಕಾದರೆ ಪ್ಯಾರಾಫಿನ್ ಸವರಿದ ಜಾಳಿಗೆ ಪಟ್ಟಿ. ಒದ್ದೆಯಾದ ಪಟ್ಟಿಯನ್ನು ಕೂಡಲೇ ಬದಲಿಸಿ. ಮಳೆಯಲ್ಲಿ ನೆಂದ ಪಟ್ಟಿ ದಿನವಿಡೀ ಕಟ್ಟಿಕೊಂಡಿರುವುದಕ್ಕಿಂತ ಪಟ್ಟಿಯೇ ಇಲ್ಲದಿರುವುದು ವಾಸಿ.

ಅಂಗೈಗಿಂತ ದೊಡ್ಡದಾದ, ಹಸಿಯಾದ ಗಾಯಕ್ಕೆ ನಿಯೋಮೈಸಿನ್, ಫ್ರಾಮೈಸೆಟಿನ್ ಎರಡನ್ನೂ ನೀವಾಗಿ ಹಚ್ಚಬೇಡಿ. ದೊಡ್ಡ ಗಾಯದಿಂದ ರಕ್ತಕ್ಕೆ ಸೇರಿದರೆ ಕಿವಿಯ ನರಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲ ಗುಂಪಿನ ಔಷಧಗಳಿವು. ಕಣ್ಣಿನ ಒಳಗೆ, ಕಿವಿಯೊಳಗೆ ಚರ್ಮದ ಮುಲಾಮು ಹಾಕುವುದು ಬೇಡ. ಕಣ್ಣಿನ ಮುಲಾಮೇ ಬೇರೆ.

ತುರಿಕೆಯೋ, ನೋವೋ

ಗಾಯ ಕೆಂಪಾದಾಗ ಜನ ಮಾಡುವುದು ಇನ್ನಷ್ಟು ಮುಲಾಮು ಹಚ್ಚುವುದು. ಅದಕ್ಕೂ ಮೊದಲು ಬೆಳಕಿಗೆ ಹಿಡಿದು ಸರಿಯಾಗಿ ನೋಡಿ.

ಕೆಂಪು ಮುಲಾಮು ಸವರಿದಷ್ಟೇ ಜಾಗದಲ್ಲಿದೆಯೇ? ಪಟ್ಟಿಯ ಚೌಕದ ಆಕಾರದಲ್ಲೇ ನಿಂತಿದೆಯೇ? ಮೇಲೆ ಸಾಸಿವೆಯಂಥ ಸಣ್ಣ ನೀರುಗುಳ್ಳೆಗಳಿವೆಯೇ? ನೋವಿಗಿಂತ ತುರಿಕೆ ಹೆಚ್ಚೇ? ಹೌದಾದರೆ ಅದು ಸೋಂಕಲ್ಲ, ಔಷಧದ ಅಲರ್ಜಿ. ಹಚ್ಚಿದ ದಿನವೇ ಬರುವುದಿಲ್ಲ, ಕೆಲವು ದಿನ ಕಳೆದು ಏಳುತ್ತದೆ, ಹಾಗಾಗಿ ಮುಲಾಮಿನ ಮೇಲೆ ಅನುಮಾನವೇ ಬರುವುದಿಲ್ಲ. ಚರ್ಮದ ಅಲರ್ಜಿ ಅಧ್ಯಯನ ಮಾಡುವ ಅಮೆರಿಕದ ವೈದ್ಯರ ಸಂಘ 2003ರಲ್ಲಿ ಬ್ಯಾಸಿಟ್ರಾಸಿನನ್ನು, 2010ರಲ್ಲಿ ನಿಯೋಮೈಸಿನನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು, ಅಷ್ಟು ಸಾಮಾನ್ಯ ಇದು. ಮುಲಾಮು ನಿಲ್ಲಿಸಿ, ತೊಳೆದು, ಸಾದಾ ಜೆಲ್ಲಿಗೆ ಬನ್ನಿ. ಆ ಔಷಧದ ಹೆಸರನ್ನು ಮನೆಯ ಆರೋಗ್ಯ ಪುಸ್ತಕದಲ್ಲಿ ಬರೆದಿಟ್ಟು ಮುಂದೆ ವೈದ್ಯರಿಗೆ ಹೇಳಿ.

ಸೋಂಕಾದರೆ ಬೇರೆ ಥರ. ಎರಡು ಮೂರನೆಯ ದಿನದಿಂದ ನೋವು ಕಡಿಮೆಯಾಗುವ ಬದಲು ಏರುತ್ತದೆ, ಜಾಗ ಬಿಸಿಯಾಗಿ ಮಿಡಿಯುತ್ತದೆ, ಕೀವು ಕಾಣಿಸುತ್ತದೆ, ಕೆಂಪು ಮುಲಾಮಿನ ಗಡಿ ದಾಟಿ ಹರಡುತ್ತದೆ. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಕೆಲವು ಗಂಟೆಗಳಲ್ಲಿ ಗೆರೆ ದಾಟಿತೆಂದರೆ ಮುಲಾಮಿನ ಕೆಲಸ ಮುಗಿಯಿತು, ಒಳಗೆ ತೆಗೆದುಕೊಳ್ಳುವ ಔಷಧ ಬೇಕು. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಓಡಿದ್ದರೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ಗಂಟು ನೋಯುತ್ತಿದ್ದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ.

ನಮ್ಮ ಕಡೆಯ ಗಾಯಗಳು

ಅಡಿಕೆ ಸುಲಿಯುವ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮೆಟ್ಟುಗತ್ತಿ ತಾಗುವುದು ಹೆಬ್ಬೆರಳಿಗೆ ಇಲ್ಲವೇ ಅಂಗೈಗೆ. ಚೊಗರಿನಿಂದ ಸುತ್ತಲ ಚರ್ಮ ಕಪ್ಪಾಗಿರುವುದರಿಂದ ಕೆಂಪೇರಿದ್ದು ತಿಳಿಯುವುದಿಲ್ಲ. ಬಣ್ಣ ನಂಬದೆ ಬಿಸಿ, ಊತ, ನೋವು ನೋಡಿ. ಗಾಯದ ಅಂಚುಗಳು ತಾವಾಗಿ ಕೂಡಿಕೊಂಡರೆ ತೊಳೆದು, ಅಂಚು ಸೇರಿಸಿ ಪಟ್ಟಿ ಹಾಕಿ. ಬಾಯ್ದೆರೆದು ನಿಂತಿದ್ದರೆ ಒಳಗೆ ಮುಲಾಮು ತುಂಬಬೇಡಿ. ಜಿಡ್ಡು ತುಂಬಿದ ಗಾಯಕ್ಕೆ ಹೊಲಿಗೆ ಹಾಕುವ ಮೊದಲು ವೈದ್ಯರು ಅದನ್ನೆಲ್ಲ ತೆಗೆಯಬೇಕಾಗುತ್ತದೆ. ಬೆರಳು ಮಡಚಲು ಆಗದಿದ್ದರೆ, ತುದಿ ಮರಗಟ್ಟಿದ್ದರೆ ನರ ಅಥವಾ ಸ್ನಾಯುರಜ್ಜು ಕಡಿದಿದೆ ಎಂದೇ ತಿಳಿಯಿರಿ, ಗಾಯ ಎಷ್ಟೇ ಸಣ್ಣದಿರಲಿ. ಕೈಗೆ ಗಾಯವಿದ್ದವರು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಬಾರದು. ಅದರ ಮೈಲುತುತ್ತು, ಸುಣ್ಣ ಎರಡೂ ತೆರೆದ ಗಾಯವನ್ನು ಸುಡುತ್ತವೆ.

ಇನ್ನು ನೀರಿನ ಕಡೆಯ ಗಾಯಗಳು. ಅಘನಾಶಿನಿಯಲ್ಲಿ ಇಳಿತದ ಹೊತ್ತು ಬಳಚು ಹೆಕ್ಕುವಾಗ, ಕಾಳಿ, ಗಂಗಾವಳಿ, ಶರಾವತಿಯ ಅಳಿವೆಗಳಲ್ಲಿ ಕಲ್ವಾ ಬಿಡಿಸುವಾಗ ಕಾಲು, ಕೈ ಕೊಯ್ದುಕೊಳ್ಳುವುದು ಇದ್ದದ್ದೇ. ಚಿಪ್ಪಿನ ಗಾಯ ನೋಡಲು ಗೀರಿನಂತಿದ್ದರೂ ಒಳಗೆ ಚಿಪ್ಪಿನ ಚೂರು, ಕೆಸರು ಉಳಿದಿರುತ್ತದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ಬದುಕುತ್ತವೆ. ಆರೋಗ್ಯವಂತರಿಗೆ ಇದರಿಂದ ತೊಂದರೆ ಅಪರೂಪ. ಯಕೃತ್ತಿನ ಕಾಯಿಲೆ, ಮಧುಮೇಹ ಇರುವವರಲ್ಲಿ ಮಾತ್ರ ವಿಬ್ರಿಯೋ ವಲ್ನಿಫಿಕಸ್ ಎಂಬುದು ಗಂಟೆಗಳಲ್ಲೇ ಕಾಲೆಲ್ಲ ಊದಿಸಿ, ಕಪ್ಪುಗೆಂಪು ಗುಳ್ಳೆ ಎಬ್ಬಿಸಿ ಜೀವಕ್ಕೆ ತರಬಲ್ಲದು. ಅಂಥವರು ಟ್ಯೂಬ್ ಹಚ್ಚಿ "ಬೆಳಿಗ್ಗೆ ನೋಡೋಣ" ಎಂದು ಮಲಗಬಾರದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ "ಹೊಳೆಯ ಉಪ್ಪುನೀರಲ್ಲಿ ಆದ ಗಾಯ" ಎಂದು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಕೊಡುವ ಔಷಧವೇ ಬೇರೆಯಾಗುತ್ತದೆ. ಉಳಿದವರು ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಗಾಯ ಮುಚ್ಚಿಕೊಳ್ಳುವವರೆಗೆ ಮತ್ತೆ ಹೊಳೆಗಿಳಿಯದೆ ಇರುವುದು ಒಳ್ಳೆಯದು. ಇಳಿಯಲೇಬೇಕಾದರೆ ನೀರು ಹೊಗದ ಪಟ್ಟಿ, ಮೇಲೆ ಗಟ್ಟಿ ಬೂಟು.

ತೊರಕೆಯ ಬಾಲದ ಮುಳ್ಳು, ಶೇಡೆ ಮೀನಿನ ರೆಕ್ಕೆಮುಳ್ಳು ಚುಚ್ಚಿದರೆ ಮೊದಲ ಔಷಧ ಬಿಸಿನೀರು. ಈ ಮೀನುಗಳ ವಿಷ ಶಾಖಕ್ಕೆ ಕೆಡುತ್ತದೆ. ಸುಡದಷ್ಟು ಬಿಸಿ, ಸುಮಾರು 40ರಿಂದ 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ಬಿಸಿ ಎಷ್ಟೆಂದು ಚುಚ್ಚದ ಕೈಯಿಂದ ನೋಡಬೇಕು. ನೋವಿನಲ್ಲಿರುವ ಕಾಲಿಗೆ ಬೊಬ್ಬೆ ಏಳುವಷ್ಟು ಸುಟ್ಟರೂ ತಿಳಿಯದು. ಮುಲಾಮು ಇಲ್ಲಿ ಏನೂ ಮಾಡದು. ಮುಳ್ಳಿನ ಚೂರು ಒಳಗಿದ್ದರೆ ವೈದ್ಯರೇ ತೆಗೆಯಬೇಕು. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ ಮುಳ್ಳನ್ನು ಕೀಳದೆ ಹಾಗೇ ಆಸ್ಪತ್ರೆಗೆ ಒಯ್ಯಿರಿ.

ಮೀನು ಕೊಯ್ಯುವವರಿಗೆ ತಿಳಿದಿರಬೇಕಾದ್ದು ಇನ್ನೊಂದು. ಬಂಗಡೆಯ ಮುಳ್ಳೋ ಸಿಗಡಿಯ ಕೊಂಬೋ ಚುಚ್ಚಿ, ಕೆಲವು ದಿನ ಬಿಟ್ಟು ಬೆರಳು ನೇರಳೆಗೆಂಪಾಗಿ ಊದಿ, ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿ, ಕೀವಿಲ್ಲದೆ ಉರಿಯುತ್ತಿದ್ದರೆ ಅದು ಎರಿಸಿಪೆಲಾಯ್ಡ್ ಆಗಿರಬಹುದು. ಚರ್ಮದ ಆಳದ ಸೋಂಕು, ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪದು. ಪೆನಿಸಿಲಿನ್ ಗುಂಪಿನ ಮಾತ್ರೆಗೆ ಬೇಗ ಬಗ್ಗುತ್ತದೆ. ಮೀನಿನ ಕೆಲಸ ಮಾಡುತ್ತೇವೆ ಎಂದು ಹೇಳದಿದ್ದರೆ ವೈದ್ಯರಿಗೂ ಹೊಳೆಯಲಿಕ್ಕಿಲ್ಲ.

ಸುಟ್ಟ ಗಾಯಕ್ಕೆ ಮೊದಲು ಬೇಕಾದದ್ದು 20 ನಿಮಿಷ ಹರಿಯುವ ತಣ್ಣೀರು. ಅಡಿಕೆ ಬೇಯಿಸುವ ಹಂಡೆಯ ಚೊಗರು ಸಿಡಿದದ್ದಿರಲಿ, ಬೈಕಿನ ಸೈಲೆನ್ಸರ್ ತಾಗಿದ್ದಿರಲಿ, ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗವಿದೆ. ಐಸ್ ಬೇಡ. ಉಂಗುರ, ಬಳೆ ಊತ ಬರುವ ಮೊದಲೇ ತೆಗೆಯಿರಿ, ಗುಳ್ಳೆ ಒಡೆಯಬೇಡಿ. ಕೆಂಪಾದ ಸಣ್ಣ ಸುಟ್ಟಗಾಯಕ್ಕೆ ಪೆಟ್ರೋಲಿಯಂ ಜೆಲ್ಲಿ, ಅಂಟದ ಪಟ್ಟಿ ಸಾಕು. ಸುಟ್ಟರೆ ಸಿಲ್ವರ್ ಸಲ್ಫಾಡಯಜಿನ್ (ಸಿಲ್ವರೆಕ್ಸ್) ಎಂದು ಕೈ ತಾನಾಗಿ ಹೋಗುತ್ತದೆ. ಆದರೆ ಮೇಲ್ಮೈ ಸುಟ್ಟಗಾಯದಲ್ಲಿ ಅದು ಮಾಯುವುದನ್ನು ತಡಮಾಡುತ್ತದೆಂದು ಈಗ ಗೊತ್ತಾಗಿದೆ, ಬಿಳಿಯ ಪದರ ಕಟ್ಟಿ ಗಾಯದ ಆಳವನ್ನೂ ಮರೆಸುತ್ತದೆ. ಸಲ್ಫಾ ಅಲರ್ಜಿ ಇರುವವರಿಗೆ, ತುಂಬು ಗರ್ಭಿಣಿಯರಿಗೆ, ಎರಡು ತಿಂಗಳೊಳಗಿನ ಮಗುವಿಗೆ ಹಚ್ಚಲೇಬಾರದು. ಅಂಗೈಗಿಂತ ದೊಡ್ಡದು, ಮುಖ, ಕೀಲು, ಗುಪ್ತಾಂಗ ಸುಟ್ಟದ್ದು, ಬೆಳ್ಳಗೆ ಅಥವಾ ಕಪ್ಪಾಗಿ ನೋವೇ ಇಲ್ಲದ್ದು ಆಸ್ಪತ್ರೆಗೆ.

ಉಂಬಳ ಕಚ್ಚಿದ್ದಕ್ಕೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಉಗುರನ್ನು ಅದರ ಬಾಯಿಯ ಪಕ್ಕ ತೂರಿಸಿ ಜಾರಿಸಿ ತೆಗೆಯಿರಿ, ತೊಳೆಯಿರಿ, ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಒಸರುವುದು ಸಹಜ. ಆಮೇಲಿನ ತುರಿಕೆಗೆ ತಣ್ಣೀರುಪಟ್ಟಿ. ಕೆರೆದು ಹುಣ್ಣಾದರೆ ಮಾತ್ರ ಮುಲಾಮಿನ ಮಾತು. ಉಣುಗು ಕಚ್ಚಿಕೊಂಡಿದ್ದರೆ ಅದರ ಮೇಲೆ ಜೆಲ್ಲಿ, ಮುಲಾಮು ಬಳಿದು ಉಸಿರುಗಟ್ಟಿಸುವ ಉಪಾಯ ಫಲಿಸದು, ಚರ್ಮಕ್ಕೆ ತಾಗಿಕೊಂಡಂತೆ ಚಿಮುಟದಿಂದ ಹಿಡಿದು ನೇರ ಎಳೆಯಬೇಕು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರುವ ಸೀಮೆಯಲ್ಲಿ ಆಮೇಲೆ ಜ್ವರ ಬಂದರೆ ಉಣುಗಿನ ವಿಷಯ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಗದ್ದೆಯ ಕೆಸರಿನಿಂದ ಕಾಲ್ಬೆರಳ ಸಂದಿ ಬೆಳ್ಳಗೆ ಸುಲಿದು ತುರಿಸುವುದು ಹೆಚ್ಚಾಗಿ ಶಿಲೀಂಧ್ರದ ಕೆಲಸ, ಅದರ ಮೇಲೆ ನಿಯೋಸ್ಪೊರಿನ್ ವ್ಯರ್ಥ.

ಟ್ಯೂಬಿನಿಂದಾಗದ ಎರಡು ಕೆಲಸ

ಧನುರ್ವಾಯು ತುಕ್ಕಿನಿಂದ ಬರುವುದಲ್ಲ, ಮಣ್ಣು ಮತ್ತು ಸಗಣಿಯಲ್ಲಿ ವರ್ಷಗಟ್ಟಲೆ ಬದುಕುವ ಬೀಜಕಣಗಳಿಂದ. ಹೊಸ ಕತ್ತಿಯಾದರೂ ಕೊಟ್ಟಿಗೆಯಲ್ಲಿ ತಾಗಿದ್ದರೆ ಅಪಾಯವೇ. ಮುಲಾಮು ಇದನ್ನು ತಡೆಯದು. ಚಿಕ್ಕಂದಿನ ಲಸಿಕೆಗಳು ಪೂರ್ತಿಯಾಗಿದ್ದವರಿಗೆ, ಸ್ವಚ್ಛ ಸಣ್ಣ ಗಾಯವಾದರೆ ಕೊನೆಯ ಚುಚ್ಚುಮದ್ದಿಗೆ ಹತ್ತು ವರ್ಷ, ಕೊಳೆಯಾದ ಅಥವಾ ಆಳದ ಗಾಯವಾದರೆ ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕು. ಲೆಕ್ಕ ನೆನಪಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಗೆಂದೇ ಹೇಳಿ. ಈಗ ಕೊಡುವುದು ಟಿಡಿ ಲಸಿಕೆ, ಅಂದರೆ ಧನುರ್ವಾಯು, ಡಿಫ್ತೀರಿಯಾ ಎರಡಕ್ಕೂ ಸೇರಿದ್ದು.

ನಾಯಿ, ಬೆಕ್ಕು, ಮಂಗ ಕಚ್ಚಿದ್ದು, ಪರಚಿದ್ದು ಎಷ್ಟು ಸಣ್ಣದಾದರೂ ಸಣ್ಣ ಗಾಯವಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ, ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ, ಪಟ್ಟಿ ಬಿಗಿಯದೆ ಅದೇ ದಿನ ರೇಬೀಸ್ ಲಸಿಕೆ ಶುರುಮಾಡಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕು, ಅದು ಲಭ್ಯವಿದೆಯೇ ಎಂದು ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಮಧುಮೇಹ ಇರುವವರ ಪಾದದ ಗಾಯ, ಆಳವಾಗಿ ಚುಚ್ಚಿದ್ದು, ಒಳಗೆ ಏನೋ ಉಳಿದಿರುವುದು, ಒತ್ತಿ ಹಿಡಿದರೂ ರಕ್ತ ನಿಲ್ಲದ್ದು, ಕಣ್ಣಿನ ಹತ್ತಿರದ್ದು, ಇವೂ ಮನೆಯ ಔಷಧಕ್ಕೆ ಸೇರಿದವಲ್ಲ.

ಮನೆಯಲ್ಲಿ ಇಡಬೇಕಾದದ್ದು ಇಷ್ಟು: ಪೆಟ್ರೋಲಿಯಂ ಜೆಲ್ಲಿಯ ಸಣ್ಣ ಟ್ಯೂಬ್, ಪೊವಿಡೋನ್ ಅಯೋಡಿನ್ ಮುಲಾಮು ಒಂದು, ಅಲರ್ಜಿ ಇಲ್ಲದ ಮನೆಯಲ್ಲಿ ಸೋಫ್ರಾಮೈಸಿನ್ ಅಥವಾ ನಿಯೋಸ್ಪೊರಿನ್ ಎರಡರಲ್ಲಿ ಒಂದು, ಅಂಟದ ಪಟ್ಟಿ, ಚಿಮುಟ. ಚಿಕ್ಕ ಟ್ಯೂಬನ್ನೇ ತನ್ನಿ. ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ದೋಣಿಯ ಪೆಟ್ಟಿಗೆ, ಬೈಕಿನ ಸೀಟಿನಡಿ, ಒಲೆಯ ಮೇಲಿನ ಗೂಡು ಈ ಮೂರೂ ಕಡೆ ಬಿಸಿಗೆ ಮುಲಾಮು ಒಡೆದು ಎಣ್ಣೆ ಬಿಡುತ್ತದೆ. ಮೂತಿಯಿಂದ ಮೊದಲು ಎಣ್ಣೆ ಜಿನುಗಿ ಆಮೇಲೆ ಹರಳು ಬಂದರೆ ಅವಧಿ ಉಳಿದಿದ್ದರೂ ಆ ಟ್ಯೂಬನ್ನು ಬಿಸಾಡಿ.